ಮಾವನ ಡ್ರೋನಿಗೆ ಬಾಯಿ ಬಂತು

ನನ್ನ ಸೋದರಮಾವ ಈ ಜಗತ್ತಿನಲ್ಲಿ ಹೆದರುವುದು ಒಂದೇ ಒಂದು ಪ್ರಶ್ನೆಗೆ: ‘ಎಲ್ಲಿಗೆ ಹೊಂಟೀರಿ?’ ಹಾವಿಗೆ ಹೆದರುವವರಲ್ಲ, ಅಧಿಕಾರಿಗಳಿಗೆ ಹೆದರುವವರಲ್ಲ, ನಮ್ಮ ಅತ್ತೆಗೂ ಅಷ್ಟಾಗಿ ಹೆದರುವವರಲ್ಲ. ಆದರೆ ಯಾರಾದರೂ ಇದನ್ನು ಕೇಳಿದರೆ ಸಾಕು, ಮುಖ ತಿರುಗಿಸಿ ಬಿರಬಿರನೆ ನಡೆದುಬಿಡುತ್ತಾರೆ.

ಹೊರಟವರನ್ನು ಹಾಗೆ ಕೇಳಬಾರದೆಂಬ ನಂಬಿಕೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ, ನಿಜ. ಆದರೆ ಬಸ್ ಕಂಡಕ್ಟರೂ ಕೇಳಬಾರದೇ? ಒಮ್ಮೆ ಸಿರುಗುಪ್ಪದಲ್ಲಿ ಅವರ ಜೊತೆ ನಾನೂ ಬಸ್ ಹತ್ತಿದ್ದೆ.

“ಎಲ್ಲಿಗ್ರಿ ಯಜಮಾನ್ರ?” ಎಂದ ಕಂಡಕ್ಟರ್.

ಮಾವ ಕಿಟಕಿಯಾಚೆ ನೋಡುತ್ತಾ, “ಈ ಬಸ್ಸು ಎಲ್ಲೀತನಕ ಹೋಗ್ತೈತಿ ಅಲ್ಲೀತನಕ ಎರಡು ಕೊಡಪಾ” ಎಂದರು. ಅವನು ಬಳ್ಳಾರಿಗೆ ಟಿಕೆಟ್ ಕೊಟ್ಟ. ನಾವು ಇಳಿದದ್ದು ಅರ್ಧ ದಾರಿಯಲ್ಲಿ!

ಫೋನಿನಲ್ಲೂ ಅಷ್ಟೇ. ಎಲ್ಲಿದ್ದೀರಿ ಎಂದರೆ “ಇಲ್ಲೇ ಅದೀನಿ” ಎನ್ನುತ್ತಾರೆ. ಆ ‘ಇಲ್ಲೇ’ ಪಕ್ಕದ ರಾರಾವಿಯೂ ಆಗಿರಬಹುದು, ರಾಯಚೂರೂ ಆಗಿರಬಹುದು. ಅತ್ತೆ ಬುತ್ತಿ ಕಟ್ಟಿಕೊಂಡು ಹೋಗಿ, ಕಾಲುವೆ ಏರಿಯ ಮೇಲೆ ನಿಂತು ಗದ್ದೆಗಳನ್ನೆಲ್ಲ ಹುಡುಕಿ, ಬುತ್ತಿಯನ್ನು ಹಾಗೆಯೇ ವಾಪಸ್ ತಂದ ದಿನಗಳು ಎಷ್ಟೋ. “ನನ್ ಕಣ್ಣು ತಪ್ಪಿಸಿ ಅಡ್ಡಾಡಾಕ ನಾನೇನು ಪೊಲೀಸಾ?” ಎಂದು ಗೊಣಗುತ್ತಿದ್ದರು.

ಇಂಥ ಮನುಷ್ಯ ಐವತ್ತೆಂಟನೇ ವಯಸ್ಸಿನಲ್ಲಿ ತರಬೇತಿಗೆ ಹೋಗಿ, ಭತ್ತಕ್ಕೆ ಔಷಧಿ ಹೊಡೆಯುವ ಡ್ರೋನ್ ಹಾರಿಸಲು ಕಲಿತುಬಂದರು. ಹಳೆಯದೊಂದು ಡ್ರೋನ್ ಕೊಂಡು ಸುತ್ತಲಿನ ಊರುಗಳ ಗದ್ದೆಗಳಿಗೆ ಔಷಧಿ ಹೊಡೆಯತೊಡಗಿದರು. ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಪಕ್ಕದವರ ಗದ್ದೆಗೆ ಒಂದು ಹನಿಯೂ ಬೀಳಬಾರದು, ಒಂದು ಕಾಗದವೂ ಕಮ್ಮಿಯಿರಬಾರದು.

ಕೆಲವು ಕಾಲದ ಮೇಲೆ ತರಬೇತಿ ಕೊಟ್ಟವರಿಂದ ಸುದ್ದಿ ಬಂತು: ಇನ್ನು ಕಾನೂನಿನ ಪ್ರಕಾರ ಹಾರಿಸಬೇಕಾದರೆ ಡ್ರೋನಿಗೆ ತನ್ನ ಗುರುತು ತಾನೇ ಹೇಳುವ ಮಾಡ್ಯೂಲ್ ಕೂಡಿಸಲೇಬೇಕು. ಮಾವ ತಡಮಾಡಲಿಲ್ಲ. ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಗೆ ಫೋನ್ ಮಾಡಿ, “ಲೇ ಅಳಿಯಾ, ಕಾರು ತಗೊಂಡು ಬಾ” ಎಂದರು. ಎಲ್ಲಿಗೆ ಎಂದು ನಾನೂ ಕೇಳಲಿಲ್ಲ. ಮಾವ, ಅತ್ತೆ, ಡ್ರೋನು ಮೂವರನ್ನೂ ಕೂರಿಸಿಕೊಂಡು ಹೊರಟೆ. ಅವರು ಬೆರಳು ತೋರಿಸಿದ ಕಡೆಯೆಲ್ಲ ತಿರುಗಿಸಿದಾಗ ಕುರುಗೋಡು ಬಂತು. ಅಲ್ಲಿ ಡ್ರೋನ್ ರಿಪೇರಿ ಮಾಡುವ ಹೆಣ್ಣುಮಗಳೊಬ್ಬಳು ಬೆಂಕಿಪೊಟ್ಟಣದಷ್ಟಿದ್ದ ಕಪ್ಪು ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟಳು.

“ಇದೇನ್ ಮಾಡ್ತೈತವಾ?” ಎಂದರು ಮಾವ.

“ಡ್ರೋನಿನ ನಂಬರ್ ಹೇಳ್ತೈತ್ರಿ. ಅದು ಎಲ್ಲಿ ಹಾರಾಕತ್ತೈತಿ, ಯಾವ ಜಾಗದಿಂದ ಎದ್ದೈತಿ, ಎಲ್ಲಾ ಹೇಳ್ತೈತ್ರಿ.”

“ಯಾರು ಕೇಳಿದ್ರ?”

“ಯಾರೂ ಕೇಳದಿದ್ರೂ ಹೇಳ್ತೈತ್ರಿ. ಸೆಕೆಂಡಿಗೊಮ್ಮೆ!”

ಮಾವನ ಹಣೆಯಲ್ಲಿ ಬೆವರೊಡೆಯಿತು. ಡ್ರೋನ್ ಎದ್ದ ಜಾಗವೆಂದರೆ ಮಾವ ನಿಂತ ಜಾಗವೇ ಅಲ್ಲವೇ?

“ಔಷಧಿ ಟ್ಯಾಂಕಿನ ಕೆಳಗ ಕೂಡಿಸಾಕ ಬರಂಗಿಲ್ಲೇನು?”

“ಬರಂಗಿಲ್ರಿ. ಅದಕ್ಕ ಆಕಾಶ ಕಾಣಬೇಕು.”

ಮಾವ ಅರ್ಧ ಗಂಟೆ ಅಂಗಡಿಯ ಮುಂದೆ ಶತಪಥ ತಿರುಗಿದರು. ಕಾನೂನು ಮುರಿಯುವವರಲ್ಲ, ಊರಿಗೆಲ್ಲ ಗೊತ್ತಾಗಲಿ ಎನ್ನುವವರೂ ಅಲ್ಲ. ಕೊನೆಗೆ ಒಳಗೆ ಬಂದು, “ಕೂಡಿಸು” ಎಂದರು. ಅವಳು ಪೆಟ್ಟಿಗೆಯನ್ನು ಡ್ರೋನಿನ ನೆತ್ತಿಯ ಮೇಲೆ ಬಿಗಿದು, ಅದರ ನಂಬರನ್ನು ಮಾವನ ನೋಂದಣಿಗೆ ಸೇರಿಸಿದಳು. ಮಾವ ಅಂಗಳದಲ್ಲಿ ರೆಕ್ಕೆಗಳ ಸ್ಕ್ರೂ ನೋಡುತ್ತಿದ್ದಾಗ ಅತ್ತೆ ಮೆಲ್ಲಗೆ ತಮ್ಮ ಫೋನನ್ನು ಮುಂದೆ ಚಾಚಿದರು. “ಇದರಾಗೂ ಕಾಣ್ತೈತೇನವಾ?”

“ಹತ್ರ ಇದ್ರ ಕಾಣ್ತೈತ್ರಿ ಅಮ್ಮಾರ. ಕಾಲುವೆ ಏರಿ ಮ್ಯಾಲೆ ನಿಂತು ನೋಡ್ರಿ.”

ಮರುದಿನ ಮಧ್ಯಾಹ್ನ ರಾರಾವಿಯ ಗದ್ದೆಯೊಂದರಲ್ಲಿ ಮಾವ ತಿರುಗಿ ನೋಡಿದರೆ ಬದುವಿನ ಮೇಲೆ ಬುತ್ತಿ ಹಿಡಿದ ಅತ್ತೆ!

“ಯಾರ್ ಹೇಳಿದ್ರು ನಿನಗ?”

“ಮ್ಯಾಲಿಂದು ಹೇಳ್ತು” ಎಂದು ಅತ್ತೆ ಆಕಾಶ ತೋರಿಸಿದರಂತೆ. ಅವತ್ತು ಮಾವ ಸಿಟ್ಟಿನಲ್ಲೇ ಉಂಡರು. ಆದರೆ ಬಿಸಿ ರೊಟ್ಟಿ ಉಂಡರು.

ಬೇಸಿಗೆ ಬೆಳೆಯ ಹೊತ್ತಿಗೆ ಬಿಸಿಲು ಜೋರಾಯಿತು. ಒಂದು ದಿನ ಅತ್ತೆ ಏರಿಯ ಮೇಲೆ ನಿಂತು ನೋಡಿದಾಗ ಫೋನಿನಲ್ಲಿ ಡ್ರೋನಿನ ಚುಕ್ಕೆ ಇತ್ತು, ಆದರೆ ಅಲುಗುತ್ತಿರಲಿಲ್ಲ. ಮಾವ ಫೋನೂ ಎತ್ತಲಿಲ್ಲ. ಅತ್ತೆ ಬುತ್ತಿಯನ್ನು ಅಲ್ಲೇ ಇಟ್ಟು ಚುಕ್ಕೆಯಿದ್ದ ಕಡೆ ಓಡಿದರು. ನೆಲಕ್ಕಿಳಿದಿದ್ದ ಡ್ರೋನಿನಿಂದ ನಾಲ್ಕು ಹೆಜ್ಜೆ ಆಚೆ, ಆಳೆತ್ತರದ ಜಾಲಿ ಪೊದೆಯ ಹಿಂದೆ, ಯಾರಿಗೂ ಕಾಣದ ಹಾಗೆ ಮಾವ ಬಿದ್ದಿದ್ದರು. ಅತ್ತೆ ಕೂಗಿ ಕೂಲಿಯವರನ್ನು ಸೇರಿಸಿ, ಟ್ರ್ಯಾಕ್ಟರಿನಲ್ಲಿ ಸಿರುಗುಪ್ಪದ ಆಸ್ಪತ್ರೆಗೆ ಸೇರಿಸಿದರು.

ನಾನು ಬಳ್ಳಾರಿಯಿಂದ ಹೋಗುವಷ್ಟರಲ್ಲಿ ಮಾವನಿಗೆ ಎಚ್ಚರವಾಗಿತ್ತು. ಅತ್ತೆ ಒದ್ದೆ ಬಟ್ಟೆಯಿಂದ ಅವರ ಕಾಲಿನ ಗದ್ದೆ ಕೆಸರು ಒರೆಸುತ್ತಿದ್ದರು. ಡಾಕ್ಟರು ಬಂದು ನಾಡಿ ನೋಡಿ, “ಬಿಸಿಲು ಬಡಿದೈತಿ. ಹೊತ್ತಿಗೆ ಸರಿಯಾಗಿ ತಂದಾರ, ಉಳಕೊಂಡ್ರಿ” ಎಂದು ಹೋದರು.

ಅಷ್ಟಕ್ಕೇ ಮಾವ ಬಿಕ್ಕಿ ಬಿಕ್ಕಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರಿಗೊಬ್ಬಳು ಮಗಳಿದ್ದಳು. ನಾನು ಹುಟ್ಟುವ ಮೊದಲೇ, ಮೂರನೇ ವಯಸ್ಸಿಗೆ, ಜ್ವರದಲ್ಲಿ ತೀರಿಕೊಂಡಳು. ನನಗೆ ಗೊತ್ತಿದ್ದದ್ದು ಇಷ್ಟೇ.

“ಅವತ್ತು ನಮ್ಮವ್ವ ಕೂಸಿನ್ನ ಎತ್ಕೊಂಡು ಗಾಡಿ ಹಿಂದ ಕುಂತಿದ್ಲು” ಎಂದರು ಮಾವ. “ದಾರ್ಯಾಗ ಗುರುತಿನವ ಒಬ್ಬ ಕೈ ಮಾಡಿದ. ಎಲ್ಲಿಗೆ ಹೊಂಟಿ ಅಂದ. ಮರ್ಯಾದಿಗೆ ನಿಂತೆ. ನಿಂತು ಎಲ್ಲಾ ಹೇಳಿದೆ. ದವಾಖಾನಿ ಮುಟ್ಟೋದ್ರಾಗ ಆಗಿಹೋಗಿತ್ತು. ಇನ್ನೊಂದೀಟು ಲಗೂನ ತರಬೇಕಿತ್ತು ಅಂದ್ರು ಡಾಕ್ಟರು.”

ಅತ್ತೆಯ ಕೈ ನಿಂತಿತು. ಇಷ್ಟು ವರ್ಷ ಅವರಿಗೂ ಇದು ಗೊತ್ತಿರಲಿಲ್ಲ.

“ಮೂರು ದಿನದಿಂದ ಜ್ವರ ಇತ್ರಿ ಕೂಸಿಗೆ” ಎಂದರು ನಿಧಾನವಾಗಿ. “ಇಳೀತೈತಿ ಅಂತ ಕಷಾಯ ಕೊಟ್ಕೋಂತ ಕುಂತಾಕಿ ನಾನು. ನೀವು ನಿಂತಿದ್ದು ಎಷ್ಟು ಹೊತ್ರಿ?”

ಅತ್ತೆ ಮಂಚದ ಅಂಚಿಗೆ ಸರಿದು ಕುಳಿತರು.

“ಅಕಿ ಹೋದಾಗಿಂದ ನಿಮ್ಮ ಬಾಯಾಗ ಅಕಿ ಹೆಸರು ಕೇಳಿಲ್ಲ ನಾನು. ಒಮ್ಮೆ ಅನ್ರಿ.”

ನಾನು ಎದ್ದು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಮಾವ, ಕರೆದರೆ ಓಡಿಬಂದುಬಿಡುತ್ತಾಳೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಾ, ಮೆಲ್ಲಗೆ ಕರೆದರು: “ಗಂಗೂ…”