ಸುಣ್ಣದ ಗೆರೆ ಹಿಡಿದು ಹೊರಟ ಗಾಡಿ

ಬಕೀಟಿನ ತಳದಲ್ಲಿ ಒಂದಿಷ್ಟು ಸುಣ್ಣ ಉಳಿಯದೆ ಹೋಗಿದ್ದರೆ ಹುಲ್ಲಪ್ಪ ಮಾಸ್ತರರು ಡಾಕ್ಟರ್ ಹುಲ್ಲಪ್ಪ ಆಗಿಬಿಡುತ್ತಿದ್ದರು.

ಎಂಬತ್ತರ ದಶಕದ ಮಾತು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಅವರು ವಿದ್ಯುತ್ ವಿಷಯ ಕಲಿಸುತ್ತಿದ್ದರು. ಡ್ರೈವರ್ ಇಲ್ಲದೆ ತಾನೇ ನಡೆಯುವ ಗಾಡಿ ಮಾಡಬೇಕೆಂಬುದು ಅವರ ಸಂಶೋಧನೆ. ಹುಬ್ಬಳ್ಳಿಯ ಗುಜರಿಯಿಂದ ತಂದ ಹಳೇ ಆಟೋರಿಕ್ಷಾಕ್ಕೆ ಬ್ಯಾಟರಿ, ಮೋಟಾರು ಕೂಡಿಸಿ, ಅದರ ಹೊಟ್ಟೆಯ ಕೆಳಗೆ ಬೆಳಕು ಗುರುತಿಸುವ ಎರಡು ಕಣ್ಣುಗಳನ್ನಿಟ್ಟಿದ್ದರು. ಕಪ್ಪು ನೆಲದ ಮೇಲೆ ಬಿಳಿ ಗೆರೆ ಎಳೆದರೆ ಸಾಕು, ಆ ಕಣ್ಣುಗಳು ಗೆರೆ ನೋಡುತ್ತ ಹ್ಯಾಂಡಲನ್ನು ತಾವೇ ತಿರುಗಿಸುತ್ತಿದ್ದವು. ಖಾಲಿ ಗಾಡಿಯ ಹ್ಯಾಂಡಲು ಆ ಕಡೆ ಈ ಕಡೆ ಹೊರಳುವುದನ್ನು ಕಂಡ ದಿನ ಪಕ್ಕದ ಮನೆಯ ಶಿವಲಿಂಗವ್ವ ನಿಂಬೆಹಣ್ಣು ಇಳಿಸಿ ಒಗೆದಿದ್ದಳು. ಹೆಂಡತಿ ರೇಣವ್ವನ ತಕರಾರೇ ಬೇರೆ. "ಮನಿಯಾಗಿನ ಇಸ್ತ್ರಿಪೆಟಿಗಿ ಕೆಟ್ಟ ಕುಂತೈತಿ. ಅದನ್ನ ದುರಸ್ತಿ ಮಾಡಾಕ ಆಗವಲ್ದು, ಇವರು ಊರ ಗಾಡಿಗೆ ಕಣ್ಣ ಹಚ್ಚಾಕ ಹೊಂಟಾರ."

ಆವತ್ತು ಹುಬ್ಬಳ್ಳಿಯಿಂದ ಪ್ರೊಫೆಸರ್ ಹನಮಂತಪ್ಪನವರು ಪರೀಕ್ಷಕರಾಗಿ ಬರುವವರಿದ್ದರು. ಅವರು ಹೂಂ ಅಂದರೆ ಡಾಕ್ಟರೇಟು, ಅದರ ಬೆನ್ನಿಗೆ ಬಡ್ತಿ. ಉಹೂಂ ಅಂದರೆ ವರ್ಷಗಟ್ಟಲೆ ಮಾಡಿದ್ದೆಲ್ಲ ಬಂದ ದಾರಿ ಹಿಡಿದು ಮತ್ತೆ ಗುಜರಿಗೆ. ಪ್ರಿನ್ಸಿಪಾಲರಂತೂ ಪತ್ರಿಕೆಯವನೊಬ್ಬನಿಗೂ ಬರಹೇಳಿ ಇಸ್ತ್ರಿ ಮಾಡಿದ ಸೂಟು ಹಾಕಿಕೊಂಡು ತಯಾರಾಗಿದ್ದರು.

ಬೆಳಗ್ಗೆಯೇ ಜವಾನ ಕಲ್ಲಪ್ಪ ಕಾಲೇಜಿನ ಗೇಟಿನಿಂದ ಹೊರಟು, ನೀರಿನ ಟಾಕಿ ಸುತ್ತಿ, ಮತ್ತೆ ಗೇಟಿಗೆ ಬರುವಂತೆ ಡಾಂಬರಿನ ಮೇಲೆ ಸುಣ್ಣದ ಗೆರೆ ಎಳೆದಿದ್ದ.

ಹನಮಂತಪ್ಪನವರು ಬಂದರು. ಕರಿಕೋಟು, ಬಂಗಾರದ ಕಟ್ಟಿನ ಚಾಳೀಸು, ನಕ್ಕರೆ ಮುಖದ ಗಂಟು ಬಿಚ್ಚಿಹೋದೀತು ಎಂಬ ಅಂಜಿಕೆ. ಗಾಡಿಯನ್ನು ಸುತ್ತ ನೋಡಿ ಅಂದರು: "ನಾ ಡ್ರೈವರ್ ಸೀಟಿನಾಗ ಕೂಡ್ತೇನಿ. ಹ್ಯಾಂಡಲ್ ತಾನ ತಿರುಗೂದು ನನ್ನ ಕಣ್ಣಮುಂದ ಆಗಬೇಕು."

"ಕೂಡ್ರಿ ಸರ. ಆದ್ರ ಅದಕ್ಕ ಕೈ ಮಾತ್ರ ಹಚ್ಚಬ್ಯಾಡ್ರಿ," ಅಂದು ಹುಲ್ಲಪ್ಪ ಗುಂಡಿ ಒತ್ತಿದರು.

ಗಾಡಿ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ಗೆರೆ ಹಿಡಿದು ಹೊರಟಿತು. ಪ್ರಿನ್ಸಿಪಾಲರು ಗೇಟಿನಲ್ಲೇ ನಿಂತು ಚಪ್ಪಾಳೆ ತಟ್ಟಿದರು. ಹುಲ್ಲಪ್ಪ ಹಿಂದೆ ಹಿಂದೆ ನಡೆದರು. ಪ್ರೊಫೆಸರರು ಕೈ ಕಟ್ಟಿಕೊಂಡು ಹ್ಯಾಂಡಲನ್ನೇ ನೋಡುತ್ತ, "ಹೂಂ... ಹೂಂ..." ಅನ್ನುತ್ತಿದ್ದರು. ಅವರ ಬಾಯಿಂದ ಬಂದ ಒಂದೊಂದು ಹೂಂಗೂ ಹುಲ್ಲಪ್ಪನವರ ಎದೆ ಒಂದೊಂದು ಅಂಗುಲ ಉಬ್ಬುತ್ತಿತ್ತು.

ಟಾಕಿಯ ಹತ್ತಿರ ಬರುತ್ತಲೇ ಹುಲ್ಲಪ್ಪ ಗಕ್ಕನೆ ನಿಂತರು. ಆಗಷ್ಟೇ ಒಂದು ಕುರಿಹಿಂಡು ಆ ದಾರಿಯಲ್ಲಿ ಹೋಗಿತ್ತು. ಗೆರೆಯ ಮೇಲೆಲ್ಲ ಗೊರಸಿನ ಧೂಳು. ಅದೇ ಜಾಗದಿಂದ ಎಡಕ್ಕೆ ಇನ್ನೊಂದು ಗೆರೆ ಹೊರಟಿತ್ತು. ಹೊಸದು, ಹಸಿ ಹಸಿ, ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಗಾಡಿ ಹಿಂದೆಮುಂದೆ ನೋಡದೆ ಎಡಕ್ಕೆ ತಿರುಗಿತು.

ಮೂಲೆಯಲ್ಲಿ ಕಲ್ಲಪ್ಪ ಖಾಲಿ ಬಕೀಟು ಹಿಡಿದು ನಿಂತಿದ್ದ.

"ಏನಿದು ಗೆರಿ, ಕಲ್ಲಪ್ಪಾ?"

"ಸುಣ್ಣ ಉಳದಿತ್ರೀ ಸರ. ಚೆಲ್ಲೂದ್ಯಾಕ ಅಂತ ಮದುವಿ ಮನಿಮಟ ಎಳದೇನ್ರಿ. ಬೀಗರಿಗೆ ದಾರಿ ಗೊತ್ತಾಗ್ಲಿ ಅಂತ."

ಹುಲ್ಲಪ್ಪ ಓಡಿದರು. ಗಾಡಿ ನಿಲ್ಲಿಸುವ ಗುಂಡಿ ಹಿಂಭಾಗದಲ್ಲಿತ್ತು. ಓಡುತ್ತಲೇ ಅದನ್ನು ಒತ್ತಿದರು. ಗುಂಡಿ ಮಾಗಿದ ಬಾರೆಹಣ್ಣಿನಂತೆ ಕಳಚಿ ಅಂಗೈಗೆ ಬಂತು.

"ಹುಲ್ಲಪ್ಪನವರ," ಒಳಗಿನಿಂದ ಪ್ರೊಫೆಸರರು ಕೂಗಿದರು, "ಈ ತಿರುವ ಭಾಳ ಚಲೋ ತಗೊಂಡ್ತು!"

ಮದುವೆ ಮನೆಯ ಮುಂದೆ ಹಂದರ, ಹಲಗಿ, ಸನಾದಿ. ಸೆಗಣಿ ಸಾರಿಸಿದ ಅಂಗಳದ ನಡುವೆ ಕಲ್ಲಪ್ಪ ಹುರುಪಿನಿಂದ ಒಂದು ದೊಡ್ಡ ಸುತ್ತುಗೆರೆಯನ್ನೂ ಎಳೆದಿದ್ದ. ಗಾಡಿ ಮಂದಿಯ ನಡುವೆ ನುಗ್ಗಿ ಆ ಗೆರೆ ಹಿಡಿಯಿತು. ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು. ಯಾರೋ ದೊಡ್ಡವರು ಗಾಡಿಯಲ್ಲಿ ಕೂತು ಪ್ರದಕ್ಷಿಣೆ ಹಾಕುತ್ತಿದ್ದಾರೆಂದು ಹಲಗಿಯವರು ಜೋರಾಗಿ ಬಾರಿಸತೊಡಗಿದರು. ಪ್ರೊಫೆಸರರ ಮುಖ ಮಾತ್ರ ಪ್ರತಿ ಸುತ್ತಿಗೂ ಬಿಳಿಚುತ್ತ ಹೋಯಿತು. ಅವರು ಇಳಿಯಲು ಒಂದು ಕಾಲು ಹೊರಗಿಡುವರು, ಮತ್ತೆ ಎಳೆದುಕೊಳ್ಳುವರು.

ಹುಲ್ಲಪ್ಪ ಏದುಸಿರು ಬಿಡುತ್ತ ಬಂದು ಬ್ಯಾಟರಿಯ ವೈರು ಕಿತ್ತರು. ಗಾಡಿ ಹಂದರದ ಬಾಗಿಲಿಗೆ ಸರಿಯಾಗಿ ನಿಂತಿತು.

ಒಳಗಿನಿಂದ ಮದುಮಗಳ ತಂದೆ ಮಲಕಪ್ಪ ಓಡಿ ಬಂದ. ಮರೋಳದ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವ ಗಟ್ಟಿ ಆಳು. ಗಾಡಿಯೊಳಗೆ ಕೂತವರನ್ನು ನೋಡಿದವನೇ ಕೂಸಿನಂತೆ ಅತ್ತುಬಿಟ್ಟ.

"ಅಣ್ಣಾ! ಬಂದೇನೋ ಅಣ್ಣಾ!"

ಹುಲ್ಲಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಹೊಸ ಇಳಕಲ್ ಸೀರೆಯುಟ್ಟು ಮದುವೆಗೆ ಬಂದಿದ್ದ ಶಿವಲಿಂಗವ್ವ ಕಿವಿಯಲ್ಲಿ ಉಸುರಿದಳು. "ಇಬ್ರೂ ಒಡಹುಟ್ಟಿದವ್ರು ಮಾಸ್ತರ. ಮಲಕಪ್ಪ ಮನಿ ಕಟ್ಟಿ ವಾಸ್ತು ಮಾಡಿದಾಗ ಯಾರೋ ಸಾಹೇಬ್ರು ಬಂದ್ರಂತ ಊಟದ ಪಂಕ್ತಿಯಿಂದ ಅಣ್ಣನ್ನ ಎಬ್ಬಿಸಿದ್ರು. ಹೋಳಿಗಿ ಕೈಯಾಗಿತ್ತು. ಅದನ್ನ ಎಲಿಗೆ ಒಗದು, ಈ ಹೊಸ್ತಲಾ ತುಳಿಯಂಗಿಲ್ಲ ಅಂದು ಹೋದಾವ್ರು, ಹೊಳ್ಳಿ ಬಂದಿರಲಿಲ್ಲ. ತಂಗಿ ಸತ್ತಾಗೂ ಮಾತಾಡ್ಲಿಲ್ಲ."

ಮಲಕಪ್ಪನ ಹೆಂಡತಿ ಇಂದ್ರವ್ವ ಆರತಿ ತಂದಳು. ಮದುಮಗಳು ಬಂದು ದೊಡ್ಡಪ್ಪನ ಕಾಲು ಮುಟ್ಟಿದಳು. ದೊಡ್ಡಪ್ಪನ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಬಿತ್ತು. ಪ್ರೊಫೆಸರರ ಮುಖದ ಗಂಟು ಒಂದೊಂದೇ ಎಳೆ ಸಡಿಲಾಗುತ್ತಿತ್ತು. ಆ ಹೊತ್ತಿಗೇ ಹುಲ್ಲಪ್ಪನವರ ಪ್ರಾಮಾಣಿಕತೆ ಎಚ್ಚೆತ್ತಿತು.

"ತಪ್ಪಾತ್ರಿ ಸರ! ನೀವು ಇಲ್ಲಿಗೆ ಬರೂದು ಇರಲಿಲ್ಲ. ಗಾಡಿ ತಾನ ಗೆರಿ ತಪ್ಪಿ—"

ಹಲಗಿ ನಿಂತಿತು. ಮಲಕಪ್ಪ ಕಣ್ಣೊರೆಸುತ್ತಿದ್ದ ರುಮಾಲನ್ನು ಅಲ್ಲೇ ಹಿಡಿದ.

"ಅಂದ್ರ? ನೀ ಬರಬೇಕಂತ ಬಂದಿಲ್ಲೇನು ಅಣ್ಣಾ?"

ಪ್ರೊಫೆಸರರು ಹುಲ್ಲಪ್ಪನವರನ್ನು ನೋಡಿದರು, ತಮ್ಮನನ್ನು ನೋಡಿದರು, ತಮ್ಮ ಕೈ ಹಿಡಿದು ನಿಂತ ಮದುಮಗಳನ್ನು ನೋಡಿದರು. ಆಮೇಲೆ ಇಡೀ ಹಂದರಕ್ಕೆ ಕೇಳುವಂತೆ ಅಂದರು:

"ಏ ಹುಚ್ಚಾ! ಗಾಡಿ ಎಲ್ಲಿಯಾರ ತಾನ ಬರ್ತೈತೇನೋ? ನಾನ ಹ್ಯಾಂಡಲ್ ಹಿಡದು ನಡಿಸ್ಕೊಂಡು ಬಂದೇನಿ."

ಸನಾದಿ ಮತ್ತೆ ಶುರುವಾಯಿತು. ಅಕ್ಕಿಕಾಳು ಬಿದ್ದವು. ಅಣ್ಣನನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂಡಿಸಿದರು. ಅವರು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು ಉಂಡರು. ಪಕ್ಕದಲ್ಲಿ ಹುಲ್ಲಪ್ಪ ಕಳಚಿ ಬಂದ ಗುಂಡಿಯನ್ನು ಎಲೆಯ ಬದಿಗಿಟ್ಟುಕೊಂಡು ಅವರು ಏಳುವುದನ್ನೇ ಕಾದರು.

ಕೈ ತೊಳೆಯುವಾಗ ಪ್ರೊಫೆಸರರನ್ನು ಹಿತ್ತಲಲ್ಲಿ ಹಿಡಿದರು. "ಸರ, ಗಾಡಿ ತಾನ ಬಂದಿದ್ದು ನಿಮಗ ಗೊತ್ತೈತಿ."

"ಖರೆ ಹೇಳ್ತೇನಿ ಹುಲ್ಲಪ್ಪನವರ, ಇಂಥಾ ಗಾಡಿ ನಾ ಎಲ್ಲೂ ನೋಡಿಲ್ಲ."

"ಹಂಗಾರ ಅದನ್ನ ಬರೀರಿ ಸರ!"

"ಬರದ್ರ ನಿಮ್ಮ ಪ್ರಿನ್ಸಿಪಾಲರು ಪೇಪರ್‌ದಾಗ ಹಾಕಸ್ತಾರ. ನನ್ನ ತಮ್ಮ ದಿನಾ ಪೇಪರ್ ಓದ್ತಾನ."

ಅಷ್ಟರಲ್ಲಿ ಪ್ರಿನ್ಸಿಪಾಲರೇ ಪತ್ರಿಕೆಯವನನ್ನು ಕಟ್ಟಿಕೊಂಡು ಗಾಡಿ ಹುಡುಕುತ್ತ ಬಂದರು. "ಇನ್ನೊಮ್ಮೆ ಓಡಸ್ರಿ, ನಮ್ಮ ಕಣ್ಣಮುಂದ!" ಅಂದರು. ಹುಲ್ಲಪ್ಪನವರ ಜೀವ ಮರಳಿತು. ಗಾಡಿಯನ್ನು ಟಾಕಿಯ ಹತ್ತಿರ ತಳ್ಳಿಸಿ, ಕಲ್ಲಪ್ಪನಿಂದ ಗೆರೆಯ ಮೇಲಿನ ಧೂಳು ಗುಡಿಸಿಸಿ, ವೈರು ಜೋಡಿಸಿ ತಯಾರು ಮಾಡಿದರು. ಪ್ರೊಫೆಸರರು ಮತ್ತೆ ಡ್ರೈವರ್ ಸೀಟಿಗೆ ಹತ್ತಿದರು. ಅಣ್ಣ ಗಾಡಿ ಹೊಡೆಯುವ ಚಂದ ನೋಡಬೇಕೆಂದು ಮಲಕಪ್ಪ ಹಿಂದಿನ ಸೀಟಿನಲ್ಲಿ ಕೂತ. ಮದುವೆಯ ಮಂದಿಯೆಲ್ಲ ಸುತ್ತ ನೆರೆಯಿತು.

ಗಾಡಿ ಹೊರಟಿತು. ಹ್ಯಾಂಡಲು ಬಲಕ್ಕೆ ತಿರುಗಲು ನೋಡಿತು. ಪ್ರೊಫೆಸರರು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಎಳೆದರು. ಗಾಡಿ ಗೆರೆಗೆ ಮರಳಲು ಜಗ್ಗಿತು, ಅವರು ಸೀಟಿಗೆ ಕಾಲು ಕೊಟ್ಟು ಜಗ್ಗಿದರು. ಮೊಂಡ ಎತ್ತಿನ ಜೊತೆ ಸೆಣಸುವವರ ಹಾಗೆ ಅವರ ಕೋಟಿನ ಬೆನ್ನು ಬಿರಿಯಿತು. ಕೊನೆಗೆ ಮನುಷ್ಯನೇ ಗೆದ್ದ. ಗಾಡಿ ಟಾಕಿಯ ಗಟಾರಕ್ಕೆ ಮುಂಗಾಲಿ ಇಳಿಸಿ ನಿಂತಿತು.

"ನಮ್ಮಣ್ಣಗ ಗಾಡಿ ರೂಢಿ ಕಡಿಮಿ," ಅಂದ ಮಲಕಪ್ಪ, ಅಭಿಮಾನದಿಂದಲೇ.

ಪ್ರೊಫೆಸರರು ಇಳಿದು, ಚಾಳೀಸು ಒರೆಸಿಕೊಂಡು, ಪ್ರಿನ್ಸಿಪಾಲರಿಗೆ ತೀರ್ಪು ಹೇಳಿದರು: "ಪ್ರಯತ್ನ ಚಲೋ ಐತ್ರಿ. ಆದ್ರ ಡ್ರೈವರ್ ಇಲ್ದ ಈ ಗಾಡಿ ನಡಿಯಂಗಿಲ್ಲ." ಪತ್ರಿಕೆಯವನು ಅದನ್ನೇ ಬರೆದುಕೊಂಡ. ಪ್ರಿನ್ಸಿಪಾಲರು ಹುಲ್ಲಪ್ಪನವರ ಕಡೆ ನೋಡದೆ ನಡೆದುಬಿಟ್ಟರು.

ಮಂದಿ ಗಾಡಿಯನ್ನು ಎತ್ತಿ ಮೇಲಿಟ್ಟರು. ಅದಕ್ಕೆ ಏನೂ ಆಗಿರಲಿಲ್ಲ. ಹುಲ್ಲಪ್ಪ ಅದರ ಪಕ್ಕ ನೆಲಕ್ಕೆ ಕೂತರು. ಅವರಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಸುಣ್ಣದ ಮೇಲೆ ಮಾಡಿದರೆ ಅದು ಕೇಳಿಸಿಕೊಳ್ಳುವುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಲಕಪ್ಪ ಬಂದು ಕೈ ಮುಗಿದ. "ಮಾಸ್ತರ, ನಮ್ಮಣ್ಣನ್ನ ಕರಕೊಂಡು ಬಂದ ಗಾಡಿ ಇದು. ಮದುಮಕ್ಕಳ ಮೆರವಣಿಗಿ ಇದರಾಗ ಆಗಬೇಕು. ನೀವ ನಡಿಸಬೇಕು. ಇಲ್ಲ ಅನಬ್ಯಾಡ್ರಿ."

ಇಲ್ಲ ಅನ್ನಲು ಹುಲ್ಲಪ್ಪನವರಲ್ಲಿ ಶಕ್ತಿ ಉಳಿದಿರಲಿಲ್ಲ. ಹಾಗೆ ನೋಡಿದರೆ ಅವರಿಗೆ ಸೈಕಲ್ಲು ಬಿಟ್ಟು ಬೇರೇನೂ ನಡೆಸಲು ಬರುತ್ತಿರಲಿಲ್ಲ. ಗಾಡಿಗೆ ಬಾಳೆಕಂದು, ಚೆಂಡುಹೂ ಕಟ್ಟಿದರು. ಹಿಂದೆ ಮದುಮಕ್ಕಳು ಕೂತರು. ಹುಲ್ಲಪ್ಪ ಮುಂದೆ ಕೂತು, ಮರ್ಯಾದೆಗೆಂದು ಹ್ಯಾಂಡಲಿನ ಮೇಲೆ ಎರಡೂ ಕೈ ಹಗುರಾಗಿ ಇಟ್ಟುಕೊಂಡರು.

ಗಾಡಿ ಗೆರೆ ಹಿಡಿದು ಹೊರಟಿತು. ಕೂದಲೆಳೆಯಷ್ಟೂ ಆಚೀಚೆ ಸರಿಯದೆ, ತಿರುವಿನಲ್ಲಿ ತಿರುಗಿ, ನೇರ ದಾರಿಯಲ್ಲಿ ನೇರವಾಗಿ, ಟಾಕಿ ಸುತ್ತಿ, ಕಾಲೇಜಿನ ಗೇಟು ಮುಟ್ಟಿತು. ಇಡೀ ವಿದ್ಯಾಗಿರಿ ರಸ್ತೆಯ ಎರಡೂ ಬದಿಗೆ ನಿಂತು ನೋಡಿತು. ಗೇಟಿನ ಹತ್ತಿರ ನಿಂತಿದ್ದ ರೇಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದಲ್ಲಿ ಗಂಡನನ್ನು ಆಕೆ ಮೆಚ್ಚಿದ್ದು ಅದೇ ಮೊದಲು.

"ಆ ಹಾಳ ಸಂಶೋಧನಾ ಬಿಡ್ರಿ ಇನ್ನ," ಅಂದಳು. "ಡ್ರೈವಿಂಗ್ ಎಷ್ಟ ಚಂದ ಮಾಡ್ತೀರಿ!"