ಬಿಸಿನೆಸ್ ಕ್ಲಾಸಿನ ಮಾಲಕ್ರು

ಸಿಂಧನೂರಿನ ಗೊಬ್ಬರದಂಗಡಿ ದುರುಗೇಶನನ್ನು ಒಂದೇ ಚಿಂತೆ ತಿನ್ನುತ್ತಿತ್ತು: ವಿಮಾನದಲ್ಲಿ ಮಲಗಿದರೆ ತಲೆ ಯಾವ ದಿಕ್ಕಿಗೆ ಬರುತ್ತದೆ?

ಎಲ್ಲರಿಗಿಂತ ಹೆಚ್ಚು ಔಷಧ ಮಾರಿದ ಅಂಗಡಿ ಮಾಲಕರಿಗೆ ಬಿಸಿನೆಸ್ ಕ್ಲಾಸಿನಲ್ಲಿ ಜರ್ಮನಿ ಪ್ರವಾಸ, ಜೋಡಿ ಬರುವವರಿಗೆ ಹಿಂದೆ ಸಾದಾ ಸೀಟು ಎಂದು ಬೆಳೆ ಔಷಧದ ಕಂಪನಿ ಸಾರಿತ್ತು. ಮಸ್ಕಿ, ಲಿಂಗಸುಗೂರಿನವರನ್ನೆಲ್ಲ ಹಿಂದೆ ಹಾಕಿ ದುರುಗೇಶ ಗೆದ್ದ. ಗೆದ್ದವನೇ ಮೊಬೈಲಿನಲ್ಲಿ ವಿಮಾನದ ಸೀಟುಗಳ ವಿಡಿಯೋ ನೋಡುತ್ತ ಕೂತ. (ಕೂತ ಅನ್ನುವುದು ಮರ್ಯಾದೆಗೆ. ಯೂರಿಯಾ ಚೀಲಗಳನ್ನು ಸಾಲಾಗಿ ಹಾಸಿ ಮಲಗೇಬಿಟ್ಟಿದ್ದ.) ಬಳಗಾನೂರಿನಿಂದ ಬಂದ ಗಿರಾಕಿಗಳಿಗೆ ಅಲ್ಲಿಂದಲೇ ಉಪದೇಶ:

“ಪ್ರೀಮಿಯಂ ಎಕಾನಮಿ ಅಂದ್ರ ಬರೇ ಕಾಲು ಚಾಚೋದು. ಬಿಸಿನೆಸ್ಸಿನಾಗ ಗುಂಡಿ ಒತ್ತಿದ್ರ ಕುರ್ಚಿನ ಹಾಸಿಗಿ! ಫಸ್ಟ್ ಕ್ಲಾಸಿಗೆ ಬಾಗಲಾನೂ ಇರತೈತಿ. ಆದ್ರ ಬಾಗಲ ಹಾಕ್ಕೊಂಡು ಮಾಡೋದೇನೈತಿ?”

“ಅಣ್ಣಾರ, ನೀವು ಮಲಗಿರೋ ಚೀಲಾನ ನನಗ ಬೇಕಾಗೇತಿ” ಎಂದ ಗಿರಾಕಿ ಮುದುಕಪ್ಪ.

ಹೆಂಡತಿ ಅಮರೇಶ್ವರಿ ಚಹಾ ತಂದಿಟ್ಟು ಕೇಳಿದಳು: “ನೀವು ಮುಂದ ಮಲಗ್ರಿ. ನಾ ಹಿಂದ ಮೊಣಕಾಲು ಗದ್ದಕ್ಕ ಹಚ್ಕೊಂಡು ಕುಂದರತೀನಿ, ಹೌದಿಲ್ಲ?”

“ನಡುನಡುವ ಪರದೆ ಸರಿಸಿ ಬಂದು ಮಾತಾಡಸ್ತೀನಲ್ಲ, ಹುಚ್ಚಿ!”

ಅಂಗಡಿಯ ಲೈಸೆನ್ಸು ಇದ್ದದ್ದು ಅಮರೇಶ್ವರಿಯ ಹೆಸರಿಗೆ. ತಪಾಸಣೆಯ ಜೀಪು ಬಂದು ನಿಂತಾಗಲೆಲ್ಲ ದುರುಗೇಶ ಎರಡೂ ಕೈ ಮುಗಿದು, “ಮಾಲಕ್ರು ಒಳಗದಾರ್ರಿ, ನಾ ಬರೇ ಕ್ಲರ್ಕ” ಎಂದು ಅಂಗಡಿ ಹಿಂದಿನ ಅಡುಗೆಮನೆಯತ್ತ ಗೋಣು ಹೊರಳಿಸುತ್ತಿದ್ದ. ಪಾಪ, ಆಕೆ ಹಿಟ್ಟಿನ ಕೈಯಲ್ಲೇ ಬಂದು ಬೈಸಿಕೊಂಡು ಹೋಗುತ್ತಿದ್ದಳು.

ಕೊನೆಗೆ ಕಂಪನಿಯ ವೀರೇಶ ಟಿಕೆಟ್ ಹಿಡಿದು ಬಂದ. ಬಂದವನೇ ಚೀಲದ ಮೇಲಿದ್ದ ಮಹಾನುಭಾವನನ್ನು ದಾಟಿ ಅಡುಗೆಮನೆಗೆ ಹೋದ. “ಅಕ್ಕಾರ, ಬಿಸಿನೆಸ್ ಟಿಕೆಟ್ ನಿಮ್ದು. ಮಾಲಕ್ರ ಹೆಸರಿಗೇ ಬಂದೈತಿ. ಅಣ್ಣಾರದು ಹಿಂದ, ನಡುವಿನ ಸೀಟು.”

ದುರುಗೇಶ ಚೀಲದಿಂದ ಜಾರಿದ. “ಅದಲಿ ಬದಲಿ ಮಾಡಾಕ ಬರಂಗಿಲ್ಲೇನೋ?”

“ಪಾಸ್‌ಪೋರ್ಟ್ ನೋಡತಾರ್ರಿ. ನೀವು ಸೀರಿ ಉಟ್ಕೊಂಡು ಹೋದ್ರೂ ನಡಿಯಂಗಿಲ್ಲ.”

ವಿಮಾನ ಏರಿತು. ಇಬ್ಬರು ಪೈಲ್ವಾನರ ನಡುವೆ ಸಿಕ್ಕ ದುರುಗೇಶನಿಗೆ ತನ್ನ ಮೊಣಕಾಲಿನ ಚಿಂತೆಯಿಲ್ಲ; ಅವಳು ಗುಂಡಿ ಒತ್ತಿದಳೋ ಇಲ್ಲವೋ ಎಂಬುದೇ ಚಿಂತೆ. ತಡೆಯಲಾರದೆ ಪೈಲ್ವಾನನ ತೊಡೆ ದಾಟಿ ಹೋಗಿ ಪರದೆ ಸರಿಸಿದ. ನೋಡಿದರೆ, ಮಾಲಕಿ ನೆಟ್ಟಗಿನ ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದಾಳೆ!

“ಲೇ ಅಮರಿ! ಇಷ್ಟು ದಿನ ಬಾಯಿ ಬಡ್ಕೊಂಡೆ, ಗುಂಡಿ ಒತ್ತಲೇ!”

“ನೀವು ಹೇಳಾಕತ್ತಿದ್ರಿ ಖರೆ. ನಾ ಎಲ್ಲಿ ಕೇಳಾಕತ್ತಿದ್ದೆ?”

ದುರುಗೇಶ ಬಾಗಿ ತಾನೇ ಒತ್ತಿದ. ಕುರ್ಚಿ ಗುರ್ ಎಂದು ಉದ್ದವಾಯಿತು. ಅಮರೇಶ್ವರಿ ರೊಟ್ಟಿ ಸಮೇತ ಅಂಗಾತ ಬಿದ್ದಳು. ಆಗ ಅವನಿಗೆ ದಿಕ್ಕಿನ ನೆನಪಾಯಿತು. “ಅಯ್ಯಯ್ಯ, ತಲಿ ಉತ್ತರಕ್ಕ ಬಂತೇನೋ! ಏಳ, ಏಳ!”

“ನೀವ ಮಲಗಸ್ತೀರಿ, ನೀವ ಏಳಂತೀರಿ! ನಾ ಏಳಂಗಿಲ್ಲ. ಭಾಳ ಛಲೋ ಐತಿ!”

ಗದ್ದಲಕ್ಕೆ ಗಗನಸಖಿ ಓಡಿಬಂದಳು. ಅಂಗಾತ ಮಲಗಿದ ಹೆಂಗಸು, ಮೇಲೆ ಬಾಗಿ ನಿಂತ ಗಂಡಸು. ಇಂಗ್ಲಿಷಿನಲ್ಲಿ ಏನೋ ಕೇಳಿ, ಈತ ಯಾರೆಂದು ಬೆರಳು ಮಾಡಿದಳು. ದುರುಗೇಶ ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ, ಅಮರೇಶ್ವರಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಒಂದೇ ಮಾತು ಹೇಳಿದಳು:

“ಕ್ಲರ್ಕ.”

ರೂಢಿ ಎಲ್ಲಿ ಹೋಗಬೇಕು? ದುರುಗೇಶನ ಎರಡೂ ಕೈ ತಾವಾಗಿಯೇ ಮುಗಿದುಕೊಂಡವು. ಗಗನಸಖಿ ಅವನನ್ನು ಆಚೆ ಕಳಿಸಿ ಪರದೆ ಎಳೆದಳು.