ವೈರ್ ಕಿತ್ತ ಮೇಲೆ

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಕೂಗಿ ಹೇಳುವುದು ನನ್ನ ಕೆಲಸ. ನಾನು ಬಾಯಿ ಬಿಟ್ಟರೆ ಸಾಕು, ಗಂಟುಮೂಟೆ ಹೊತ್ತ ಜನ ಈ ಕಡೆಯಿಂದ ಆ ಕಡೆಗೆ ಓಡುತ್ತಾರೆ. (ಕೆಲವು ಸಲ ನನ್ನ ತಪ್ಪಿನಿಂದಾಗಿ ಆ ಕಡೆಯಿಂದ ಮತ್ತೆ ಈ ಕಡೆಗೂ ಓಡುತ್ತಾರೆ, ಅದು ಬೇರೆ ಮಾತು.) ಆದರೆ ಮನೆಯಲ್ಲಿ ನನ್ನ ಮಾತಿಗೆ ಯಾರೂ ಸೊಪ್ಪು ಹಾಕುವುದಿಲ್ಲ. ಹೆಂಡತಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ನಮ್ಮ ಜೊತೆಗೇ ಇರುವ ಅತ್ತೆಯವರು ಕಿವಿಗೆ ಹಾಕಿಕೊಂಡು, ಆಮೇಲೆ ಕೇಳಿಸಲಿಲ್ಲ ಎನ್ನುತ್ತಾರೆ.

ಇಂಥ ಮನೆಯಲ್ಲಿ ನನ್ನದು ಅಂತ ಇದ್ದದ್ದು ಹಾಲ್‌ನ ಒಂದು ಮೂಲೆ. ಅಲ್ಲಿ ನನ್ನ ಸಬ್‌ವೂಫರ್ ಇತ್ತು. ಹಾಡಿನ ತಳದ ಢಂ ಢಂ ಸದ್ದನ್ನಷ್ಟೇ ಹೊರಡಿಸುವ, ಸ್ಟೂಲಿನಷ್ಟೆತ್ತರದ ಕಪ್ಪು ಪೆಟ್ಟಿಗೆ ಅದು. ಉಳಿದ ಸದ್ದು ಟಿವಿಯ ಪಕ್ಕದ ಸಣ್ಣ ಸ್ಪೀಕರುಗಳದ್ದು. ಭಾನುವಾರ ಬೆಳಿಗ್ಗೆ ಆ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಹಳೆಯ ಹಾಡು ಕೇಳುತ್ತಿದ್ದೆ. ಅಷ್ಟು ಹೊತ್ತು ನಾನು ಸಾಕ್ಷಾತ್ ಗೃಹಸ್ವಾಮಿ. ವಾರದ ಉಳಿದ ಹೊತ್ತೆಲ್ಲ ಬಾಡಿಗೆಗೆ ಇದ್ದವನ ಹಾಗೆ ಇರುತ್ತಿದ್ದೆ.

ಕಷ್ಟ ಬಂದದ್ದು ವೈರಿನಿಂದ. ಅದು ಟಿವಿ ಸ್ಟ್ಯಾಂಡಿನಿಂದ ಹೊರಟು, ಅಡುಗೆಮನೆಯ ಬಾಗಿಲಿಗೆ ಅಡ್ಡ ಹಾದು, ಮೂಲೆ ಸೇರುತ್ತಿತ್ತು. ಒಂದು ದಿನ ಹೆಂಡತಿ ಟೀ ತರುವಾಗ ಅದಕ್ಕೆ ಎಡವಿದಳು. ಟೀ ಬಿದ್ದದ್ದು ನನ್ನ ತೊಡೆಯ ಮೇಲೆ, ಮುಲಾಮು ಹಚ್ಚಿಸಿಕೊಂಡದ್ದು ಅವಳ ಕಾಲು.

"ಈ ಮನೇಲಿ ಆ ಪೆಟ್ಟಿಗೆ ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದಳು.

ನಾನು ತಕ್ಷಣ ಉತ್ತರ ಕೊಡದೆ ಯೋಚಿಸುತ್ತಾ ಕೂತದ್ದು ತಪ್ಪಾಯಿತು. ಎರಡು ದಿನ ಟೀ ನಾನೇ ಮಾಡಿಕೊಂಡೆ.

ಆಗ ಹೊಳೆದದ್ದು ವೈರ್‌ಲೆಸ್ ಉಪಾಯ. ಅಂಗೈಯಗಲದ ಎರಡು ಡಬ್ಬಿ ತಂದೆ. ಒಂದನ್ನು ಟಿವಿ ಸ್ಟ್ಯಾಂಡಿನಲ್ಲಿದ್ದ ಆಂಪ್ಲಿಫೈಯರಿಗೆ ಸಿಕ್ಕಿಸಬೇಕು, ಅದು ಸದ್ದನ್ನು ಕಳಿಸುತ್ತದೆ. ಇನ್ನೊಂದನ್ನು ಸಬ್‌ವೂಫರಿಗೆ ಸಿಕ್ಕಿಸಬೇಕು, ಅದು ಹಿಡಿದುಕೊಳ್ಳುತ್ತದೆ. ಎರಡರ ನೀಲಿ ದೀಪವೂ ಮಿಣುಕುವುದು ನಿಂತರೆ ಜೋಡಿ ಕೂಡಿತೆಂದು ಅರ್ಥ. ಕೂಡಲಿಲ್ಲ. ಗುಂಡಿ ಒತ್ತಿದೆ, ಬಿಟ್ಟೆ, ಸೋಫಾದ ಕೆಳಗೆ ತೂರಿ ಮತ್ತೆ ಒತ್ತಿದೆ.

"ಅಳಿಯಂದಿರು ಏನು ಕಳ್ಕೊಂಡ್ರು?" ಎಂದು ಅತ್ತೆ ಕೇಳಿದರು.

"ಏನಿಲ್ಲ ಅತ್ತೆ, ಒಂದು ಹೇಳ್ತಿದೆ, ಇನ್ನೊಂದು ಕೇಳಿಸ್ಕೊಳ್ತಿಲ್ಲ."

ಕೊನೆಗೆ ದೀಪಗಳ ಮಿಣುಕಾಟ ನಿಂತಿತು. ಹಾಡು ಹಾಕಿದೆ, ನೆಲ ಢಂ ಎಂದಿತು. "ನೋಡು, ಹೇಳಿದ ತಕ್ಷಣ ಕೇಳಿಸ್ಕೊಳ್ಳುತ್ತೆ. ಅದು ಪೆಟ್ಟಿಗೆ, ಹೆಂಡತಿಯಲ್ಲ" ಎಂದೆ. (ಎರಡನೆಯ ವಾಕ್ಯವನ್ನು ಮನಸ್ಸಿನಲ್ಲಿ.)

ಹೆಂಡತಿ ಬಗ್ಗಿ ಪೆಟ್ಟಿಗೆಯ ಬೆನ್ನು ನೋಡಿದಳು. "ವೈರ್ ಇಲ್ಲ ಅಂದ್ರಿ? ಇದೇನು, ಬಾಲಾನಾ?"

"ಅದು ಕರೆಂಟಿನ ವೈರು ಕಣೇ. ಕರೆಂಟ್ ಬೇಡ್ವಾ ಅದಕ್ಕೆ?"

"ಒಂದು ವೈರ್ ತೆಗೆಯೋಕೆ ಇಷ್ಟೊಂದು ರಂಪಾನಾ?"

ನನಗೆ ರೇಗಿತು. ಬಸ್ ನಿಲ್ದಾಣದ ಗಂಟಲು ತೆಗೆದು ಸಾರಿದೆ: "ಇದು ಗೋಡೆ ದಾಟಿ ಹೋಗುತ್ತೆ, ಗೊತ್ತಾ? ರೂಮಲ್ಲಿಟ್ರೂ ಕೆಲಸ ಮಾಡುತ್ತೆ, ಅಡುಗೆಮನೇಲಿಟ್ರೂ ಮಾಡುತ್ತೆ. ಒಂದು ಪ್ಲಗ್ ಇದ್ರೆ ಸಾಕು."

ಮದುವೆಯಾದ ಮೇಲೆ ಮೊದಲ ಸಲ ಅವಳು ನನ್ನ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿದಳು. ನಾನು ಉಬ್ಬಿಹೋದೆ.

"ಹಿಂದಿನ ಬಾಲ್ಕನೀಲಿಟ್ರೂ?"

"ಧಾರಾಳವಾಗಿ."

ಮರುದಿನ ಕೆಲಸದಿಂದ ಬಂದಾಗ ನನ್ನ ಮೂಲೆಯಲ್ಲಿ ಅತ್ತೆಯವರ ಆರಾಮ ಕುರ್ಚಿಯಿತ್ತು, ಅದರಲ್ಲಿ ಅತ್ತೆಯವರಿದ್ದರು. ಪೆಟ್ಟಿಗೆ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿತ್ತು. ಅದರ ತಲೆಯ ಮೇಲೆ ಸೋಪಿನ ಪುಡಿಯ ಡಬ್ಬ ಕೂತಿತ್ತು.

"ಇದೇನಿದು?" ಎಂದೆ.

"ನೀವೇ ಹೇಳಿದ್ರಲ್ಲ. ಮಾತು ಕೇಳಲ್ಲ ಅಂತ ಗೊಣಗ್ತೀರಿ, ಕೇಳಿದ್ರೆ ಹೀಗೆ ಮುಖ ಮಾಡ್ತೀರಿ."

ಭಾನುವಾರ ಬಂತು. ಹಾಲ್‌ನಲ್ಲಿ ಕೂತರೆ ಹಾಡು ನೆಗಡಿಯಾದವರು ಪಿಸುಗುಟ್ಟಿದಂತೆ ಕೇಳುತ್ತಿತ್ತು. ಬಾಲ್ಕನಿಗೆ ಹೋದರೆ ಬರೀ ಢಂ ಢಂ. ಎರಡೂ ಸೇರಿ ಕೇಳಲೆಂದು ನಡುವೆ ಬಚ್ಚಲಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ಪಾಪ ನಯವಾಗಿಯೇ ಕೇಳಿದರು: "ನೀವು ಹೇಗೂ ಹಾಲಲ್ಲಿಲ್ಲ, ನಮ್ಮ ಸೀರಿಯಲ್ ಹಾಕೋದಾ?"

ಅಂದಿನಿಂದ ಭಾನುವಾರವೂ ಅವರದ್ದೇ. ನಾನು ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತೇನೆ. ಒಳಗೆ ಸೀರಿಯಲ್ಲಿನ ಯಾವುದೋ ಸೊಸೆಯ ಗುಟ್ಟು ರಟ್ಟಾದರೆ ಇಲ್ಲಿ ನನ್ನ ಪಕ್ಕದಲ್ಲಿ ಢಂ ಎನ್ನುತ್ತದೆ. ಯಾರದೋ ಸಂಸಾರ ಮುರಿಯಿತೆಂದು ತಿಳಿಯುತ್ತದೆ, ಯಾರದೆಂದು ತಿಳಿಯುವುದಿಲ್ಲ.

ನೀವು ನಗುತ್ತೀರಿ. ನನಗೆ ನಿಜಕ್ಕೂ ಅಳು ಬಂದಿತ್ತು. ಎಲ್ಲರ ಕಾಲಿಗೆ ತೊಡರುತ್ತಿದ್ದ ಆ ವೈರೇ ಪೆಟ್ಟಿಗೆಯನ್ನು ಹಾಲ್‌ಗೆ ಕಟ್ಟಿಹಾಕಿತ್ತು, ಪೆಟ್ಟಿಗೆಯ ನೆಪದಲ್ಲಿ ನನ್ನನ್ನೂ. ಅದನ್ನು ನಾನೇ ಕೈಯಾರೆ ಕಿತ್ತಿದ್ದೆ.

ಕಳೆದ ಭಾನುವಾರ ಧೈರ್ಯ ಮಾಡಿ ಒಳಗೆ ಹೋದೆ. "ನನಗೆ ಈ ವೈರ್‌ಲೆಸ್ ಬೇಡ. ಆ ಹಳೇ ವೈರ್ ಕೊಡು, ಗೋಡೆ ಪಕ್ಕ ಮೊಳೆ ಹೊಡೆದು ಎಳೀತೀನಿ. ಯಾರ ಕಾಲಿಗೂ ಸಿಗಲ್ಲ. ಪೆಟ್ಟಿಗೆ ಮತ್ತೆ ಇಲ್ಲೇ ಇರಲಿ" ಎಂದೆ.

ಹೆಂಡತಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಆ ವೈರ್ ಖಾಲಿ ಇಲ್ಲ."

"ಖಾಲಿ ಇಲ್ಲ ಅಂದ್ರೆ?"

"ಮೂರು ಹೊತ್ತೂ ಅಲ್ಲೇ ಕೂತಿರ್ತೀರಿ. ಒಂದಿನಾನಾದ್ರೂ ತಲೆ ಎತ್ತಿ ನೋಡಿಲ್ವಾ?"

ವಾಪಸ್ ಬಂದು ತಲೆ ಎತ್ತಿ ನೋಡಿದೆ. ಗೋಡೆಯಿಂದ ಗೋಡೆಗೆ ನನ್ನ ವೈರು ಬಿಗಿಯಾಗಿ ನಿಂತಿತ್ತು. ಅದರ ಮೇಲೆ ನಾನು ಕೆಲಸಕ್ಕೆ ಹಾಕುವ ಅಂಗಿಗಳು ಸಾಲಾಗಿ ತೊಟ್ಟಿಕ್ಕುತ್ತಿದ್ದವು, ತುದಿಯಲ್ಲಿ ನಿನ್ನೆ ಒಗೆದ ಅತ್ತೆಯವರ ಟವಲ್ಲು. ಒಂದು ಹನಿ ಮೂಗಿನ ಮೇಲೆ ಬಿತ್ತು.

"ಹೇಗೂ ಅಲ್ಲೇ ಇದೀರಲ್ಲ" ಎಂದು ಒಳಗಿಂದ ಹೆಂಡತಿಯ ಧ್ವನಿ ಗೋಡೆ ದಾಟಿ ಬಂತು, "ಅಮ್ಮನ ಟವಲ್ ಒಣಗಿರುತ್ತೆ, ತೆಗೆದು ಮಡಚಿಡಿ."

ನಮ್ಮ ಮನೆಯಲ್ಲಿ ಹೇಳಿದ ತಕ್ಷಣ ಕೇಳಿಸಿಕೊಳ್ಳುವುದು ನಾವಿಬ್ಬರೇ, ಪೆಟ್ಟಿಗೆ ಮತ್ತು ನಾನು. ಪೆಟ್ಟಿಗೆ ಢಂ ಎಂದಿತು. ನಾನು ಎದ್ದು ಟವಲ್ ತೆಗೆದೆ.